ಗೂಡಿಗೆ ಬಂದ ಕೋಳಿ

“ಬಾಗಿಲು ತೆಗೆದಿದೆ, ಒಳಗೆ ಕಾಳಿದೆ, ನೀರಿದೆ. ಇನ್ನೇನು, ಆರತಿ ಎತ್ತಿ ಕರೀಬೇಕಾ ಇವುಗಳ್ನ?”

ತಾಯಂದಿರೇ, ಅಣ್ಣಂದಿರೇ, ಹೀಗೆ ಕೇಳಿದವನು ಒಬ್ಬ ಶ್ರೀಮಂತ. ಯಾರನ್ನು ಕೇಳಿದ? ಯಾರನ್ನೂ ಅಲ್ಲ. ಹೊತ್ತು ಮುಳುಗುವಾಗ ತನ್ನ ಹಿತ್ತಿಲಲ್ಲಿ ಒಬ್ಬನೇ ನಿಂತು, ಕತ್ತು ಮೇಲೆತ್ತಿ, ಹೊಂಗೆ ಮರದ ಕಡೆ ನೋಡಿ ಕೇಳಿದ. ಮರದ ತುಂಬ ಅವನ ಮನೆಯ ಕೋಳಿಗಳು. ಗೂಡು ಮಾತ್ರ ಬಿಕೋ ಎನ್ನುತ್ತಿತ್ತು.

ನೋಡಿ, ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದ ಕೂಡಲೇ ನೀವು ಅವನನ್ನು ಕೆಟ್ಟವನು ಎಂದುಕೊಂಡುಬಿಡುತ್ತೀರಿ. ಹಾಗಲ್ಲ. ಇವನು ಒಳ್ಳೆಯವನು. ಸಂಜೆ ಬಂದ ನೆಂಟ ಅವನ ಮನೆಯಲ್ಲಿ ಕೋಳಿ ಸಾರು, ಮುದ್ದೆ ಉಣ್ಣದೆ ಮಲಗಿದ್ದಿಲ್ಲ. ಹೊಲಗದ್ದೆಗಿಂತ ಆ ಹೆಸರೇ ಅವನಿಗೆ ದೊಡ್ಡ ಆಸ್ತಿ. ಕೋಳಿಗಳಿಗೂ ಕಡಿಮೆ ಮಾಡಿರಲಿಲ್ಲ. ಕಲ್ಲಿನ ಗೂಡು, ಮೇಲೆ ಹೆಂಚು, ಒಳಗೆ ಕೂರಲು ಅಡ್ಡಗೋಲು. ಊರಿನ ಕೆಲವರ ಮನೆಗಿಂತ ಅದೇ ಚೆನ್ನಾಗಿತ್ತು ಅನ್ನಿ.

ಆದರೂ ಕೋಳಿಗಳು ಒಳಗೆ ಹೋಗವು.

ಹೋಗದಿದ್ದರೆ ಹೋಗಲಿ ಎನ್ನುವಂತಿರಲಿಲ್ಲ. ತೋಪಿನ ಕಡೆಯಿಂದ ಒಂದು ಕಾಡುಬೆಕ್ಕು ಬರತೊಡಗಿತ್ತು. ಬೆಳಗಾದರೆ ಮರದ ಕೆಳಗೆ ಗರಿ. ಹೆಂಡತಿ ಆ ಗರಿಗಳನ್ನು ಗುಡಿಸುವಾಗ ಏನೂ ಮಾತಾಡುತ್ತಿರಲಿಲ್ಲ. ಮಾತಾಡುವವಳು ಸುಮ್ಮನಾದರೆ ಗಂಡನಿಗೆ ಅದೇ ಹೆಚ್ಚು ಭಯ, ಅಲ್ಲವೇ? ಹೀಗೇ ಬಿಟ್ಟರೆ ಸುಗ್ಗಿಯ ಹೊತ್ತಿಗೆ ಬೆಳಗಿನ ಜಾವ ಕೂಗಲು ಒಂದು ಹುಂಜವೂ ಉಳಿಯದು.

ಅವನು ಏನೇನು ಮಾಡಲಿಲ್ಲ! ಕೋಲು ಹಿಡಿದು ಅಟ್ಟಿದ. ಇನ್ನೂ ಮೇಲಿನ ಕೊಂಬೆಗೆ ಹಾರಿದವು. ಹೊಸ ಕೋಳಿ ತಂದಾಗ ಅದು ಮನೆ ಮರೆಯದಿರಲಿ ಎಂದು ಒಲೆಯ ಸುತ್ತ ಮೂರು ಸುತ್ತು ತಿರುಗಿಸುತ್ತಾರಲ್ಲ, ಅದನ್ನೂ ಮಾಡಿದ. ಆ ಮನೆಯಲ್ಲೇ ಮೊಟ್ಟೆಯೊಡೆದು ಬಂದ ಕೋಳಿಗಳನ್ನು ಒಂದೊಂದಾಗಿ ಕಂಕುಳಲ್ಲಿ ಇರುಕಿಕೊಂಡು ಒಲೆ ಸುತ್ತಿದ.

“ಹುಟ್ಟಿದ ಮನೇನೇ ಪರಿಚಯ ಮಾಡಿಸ್ತಿದ್ದೀರಾ?” ಎಂದಳು ಹೆಂಡತಿ. ಅಷ್ಟೇ. ಸಂಜೆಗೆ ಮತ್ತೆ ಹೊಂಗೆ ಮರ.

ಕೊನೆಗೆ ಅವನೇ ಸೋತು ಕೇಳಿದ, “ನಾನೇನು ತಪ್ಪು ಮಾಡ್ದೆ? ನೀನಾದ್ರೂ ಹೇಳೇ.”

“ನಿಮ್ಮ ಸೋದರಮಾವ ಬಂದಾಗ ಕೋಳಿ ಎಲ್ಲಿಂದ ಹಿಡಿದ್ರಿ?”

“ಗೂಡಿಂದ.”

“ಅದಕ್ಕೆ ಮುಂಚೆ, ಪಟೇಲರ ಮನೆಯವರು ಬಂದಾಗ?”

“ಗೂಡಿಂದಾನೇ. ಕತ್ತಲಲ್ಲಿ ಕೈ ಹಾಕಿದ್ರೆ ಸುಮ್ನೆ ಸಿಕ್ತವೆ. ಹಗಲಲ್ಲಿ ಅಟ್ಟಾಡ್ಸೋರು ಯಾರು?”

“ಮರ ಹತ್ತಿದ್ದನ್ನ ಯಾವತ್ತಾದ್ರೂ ಕುಯ್ದಿದ್ದೀರಾ?”

ಅವನು ಕತ್ತೆತ್ತಿ ಹೊಂಗೆ ಮರದ ಕಡೆ ನೋಡಿದ.

“ಹೇಳಿದ ಮಾತು ಕೇಳ್ಕೊಂಡು ಒಳಗೆ ಬಂದವೆಲ್ಲ ಸಾರಾದ್ವು. ಕೇಳದೆ ಇದ್ದವು ಮರದ ಮೇಲೆ ಕೂತು ನೋಡ್ತಾ ಇದ್ವು. ಆ ಬೆಕ್ಕೇ ವಾಸಿ ಕಣ್ರೀ. ಅದು ಒಂದಿನ ಬರುತ್ತೆ, ಒಂದಿನ ಬರಲ್ಲ. ನೀವು ದಿನಾ ಬಾಗಿಲಲ್ಲೇ ಇರ್ತೀರಿ.”

ಏನು ದುಂಡಮ್ಮನವರೇ, ಕಂಬದ ಮರೆಯಲ್ಲಿ ಕೂತು ನಗುತ್ತಿದ್ದೀರಿ? ನಗಿ, ನಗಿ. ಅವನಿಗೂ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ, ಆಮೇಲೆ ನಗುವೇ ಬಂತು.

“ಹಂಗಾದ್ರೆ ಕೋಳಿ ತಿನ್ನೋದೇ ಬಿಡ್ಲಾ?”

“ಬಿಡಿ ಅಂದ್ನಾ? ಹಿಡಿಯೋದಾದ್ರೆ ಹಗಲಲ್ಲಿ, ಬಯಲಲ್ಲಿ ಹಿಡೀರಿ. ಓಡಿ ತಪ್ಪಿಸ್ಕೊಳ್ಳೋಕೆ ಅದಕ್ಕೂ ಒಂದು ದಾರಿ ಇರ್ಲಿ. ನಂಬಿ ಒಳಗೆ ಬಂದದ್ದರ ಮೇಲೆ ಮಾತ್ರ ಕೈ ಹಾಕ್ಬೇಡಿ.”

ಅಂದು ಕತ್ತಲಾಗಿ ಕೋಳಿಗಳಿಗೆ ಕಣ್ಣು ಮಂಜಾದ ಮೇಲೆ ಗಂಡ ಹೆಂಡತಿ ಏಣಿ ಹಾಕಿ ಒಂದೊಂದನ್ನೇ ಇಳಿಸಿ ಗೂಡಿಗೆ ಬಿಟ್ಟರು. ಕೆಲವು ದಿನ ಹಗಲಲ್ಲೂ ಬಾಗಿಲು ತೆಗೆಯಲಿಲ್ಲ. ನುಚ್ಚು, ನೀರು ಎಲ್ಲ ಒಳಗೇ. ಇದೇ ನಮ್ಮ ಮನೆ ಎಂದು ಅವುಗಳಿಗೆ ರೂಢಿಯಾಗಲಿ ಎಂದು. ಆಮೇಲೆ ಹೊತ್ತು ಇಳಿಯುವಾಗ ಹೊರಗೆ ಬಿಟ್ಟು, ಬೆಳಕು ಆರುವ ಮುಂಚೆಯೇ ಗೂಡಿನೊಳಗೆ ರಾಗಿ ಚೆಲ್ಲಿ, “ಬ ಬ ಬ ಬಾ” ಎಂದು ಕರೆದ. ದಿನವೂ ಅದೇ ಹೊತ್ತು, ಅದೇ ದನಿ. ಕರೆದ ಮೇಲೆ ಕಾಳುಂಟು, ಕೋಲಿಲ್ಲ. ಕರೆದ ಮೇಲೆ ಕಾಳುಂಟು, ಕತ್ತಿಯಿಲ್ಲ.

ಮೊದಲ ಸಂಜೆ ಬಂದದ್ದು ಒಂದು ಚುಕ್ಕೆ ಹ್ಯಾಟೆ, ಒಂದೇ ಒಂದು ಹೆಣ್ಣುಕೋಳಿ. ಮಿಕ್ಕವು ಮರಕ್ಕೆ. ಅವನು ಕೋಲು ಮುಟ್ಟಲಿಲ್ಲ. ಅದೊಂದನ್ನೇ ಒಳಗೆ ಬಿಟ್ಟು ಚಿಲಕ ಹಾಕಿದ. ಬೆಳಗ್ಗೆ ಹ್ಯಾಟೆ ಮೈ ಕೊಡವಿಕೊಂಡು, ಏನೂ ಆಗಿಲ್ಲವೆಂಬಂತೆ ಹೊರಗೆ ಬಂತು. ಮರದ ಮೇಲಿನವು ನೋಡಿದವು. ನೋಡದೆ ಇರುತ್ತವೆಯೇ? ಮರುದಿನ ಇನ್ನೆರಡು ಬಂದವು. ಆಮೇಲೆ ಗುಂಪೇ ಬಂತು. ಕಡೆಗೆ ಉಳಿದದ್ದು ಕೆಂಪು ಹುಂಜ, ಮರ ಹತ್ತಿದವರ ಯಜಮಾನ. ಒಂದು ಸಂಜೆ ಅದು ಹೊಸ್ತಿಲಲ್ಲಿ ಒಂದು ಕಾಲಿಟ್ಟು, ಇನ್ನೊಂದು ಕಾಲು ಎತ್ತಿಕೊಂಡು ನಿಂತಿತು.

“ಬಾರಪ್ಪ, ಇಲ್ಲ ಹೋಗಪ್ಪ. ನಿನ್ನಿಷ್ಟ,” ಎಂದ ಶ್ರೀಮಂತ.

ಹುಂಜ ಒಳಗೆ ಹೋಯಿತು. ಅವನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಅದೇ ಹೊತ್ತಿಗೆ ಬೀಗರು ಬಂದರು ನೋಡಿ, ಮಗಳ ಮಾವ! ಕೈಕಾಲು ತೊಳೆದುಕೊಳ್ಳುತ್ತಲೇ ಹಿತ್ತಿಲ ಕಡೆ ಕಣ್ಣು ಹಾಯಿಸಿದರು. “ದಾರಿ ಉದ್ದಕ್ಕೂ ನಿಮ್ಮನೆ ಸಾರೇ ನೆನೆಸ್ಕೊಂಡು ಬಂದೆ ಬೀಗರೇ. ಅಗೋ, ಆ ಕೆಂಪು ಹುಂಜ ಕೈಗೆಟುಕೋ ಹಂಗೇ ಕೂತದೆ. ಹಿಡೀರಿ ಅದನ್ನ.”

ಒಂದು ಕಡೆ ಇಷ್ಟು ದಿನದ ಹೆಸರು. ಇನ್ನೊಂದು ಕಡೆ ಈಗಷ್ಟೇ ಒಳಗೆ ಬಂದ ಹುಂಜ. ಅಡುಗೆಮನೆ ಬಾಗಿಲಲ್ಲಿ ಹೆಂಡತಿ.

ಅವನು ಅಲ್ಲೇ ನಿಂತಿರಲಿ. ಅಷ್ಟರಲ್ಲಿ ನಿಮ್ಮನ್ನೊಂದು ಕೇಳುತ್ತೇನೆ. ನಿಮ್ಮ ಮನೆಗೆ ಬಂದವರಿಗೆ ಬಾಗಿಲಲ್ಲಿ ಸಿಗುವುದೇನು? ಊರು ತಿರುಗುವ ಮಗ ತಪ್ಪಿಸಿಕೊಂಡ. ಹೊತ್ತಿಗೆ ಸರಿಯಾಗಿ ಬಂದವನಿಗೆ ಇಬ್ಬರ ಪಾಲಿನ ಬೈಗುಳ. ಎದುರಾಡುವ ಸೊಸೆಗೆ ಕೆಲಸ ಹೇಳಲು ಹೆದರಿಕೆ; ‘ಆಯ್ತತ್ತೆ’ ಎನ್ನುವವಳ ಮೇಲೆ ಮನೆಯ ಕೆಲಸವೆಲ್ಲ. ಲೋಟ ಒಡೆದದ್ದು ನಾನೇ ಎಂದ ಮಗುವಿಗೆ ಏಟು. ಬೆಕ್ಕು ಒಡೆಯಿತು ಎಂದದ್ದಕ್ಕೆ ಬೆಲ್ಲ. ಒಳಗೆ ಬಂದವರನ್ನೇ ಹಿಡಿಯುತ್ತೀರಿ. ಒಳಗೆ ಬಂದವರನ್ನೇ ಹಿಡಿದು, ಆಮೇಲೆ ಮರದ ಕಡೆ ನೋಡಿ ಕೇಳುತ್ತೀರಿ, ಇವರಿಗೇನಾಗಿದೆ, ಯಾಕೆ ಬರುವುದಿಲ್ಲ ಎಂದು!

ಇವತ್ತು ಮನೆಗೆ ಹೋದವರು ಇಷ್ಟು ಮಾಡಿ. ಹೊರಗಿನಿಂದ ಬಂದವರಿಗೆ ಮೊದಲು ನೀರು ಕೊಡಿ, ಅನ್ನ ಬಡಿಸಿ. ಕೇಳುವ ಮಾತಿದ್ದರೆ ಬೆಳಗ್ಗೆ, ಎದುರು ಕೂರಿಸಿಕೊಂಡು ಕೇಳಿ. ನಿಜ ಹೇಳಿದ ಮಗುವಿನ ಮೇಲೆ ಕೈ ಎತ್ತಬೇಡಿ. ‘ಆಯ್ತು’ ಎನ್ನುವವಳಿಗೆ ಇನ್ನೊಂದು ಕೆಲಸ ಹೇಳುವ ಮುಂಚೆ, ಸ್ವಲ್ಪ ಕೂತ್ಕೊಳ್ಳಮ್ಮ ಎನ್ನಿ. ದಿನವೂ ದೇವರಿಗೆ ಕೈಮುಗಿದು ‘ನಿನ್ನ ಮರೆಹೊಕ್ಕೆ ತಂದೆ, ಕಾಯೋ’ ಎನ್ನುತ್ತೇವಲ್ಲ, ಯಾವ ಧೈರ್ಯದ ಮೇಲೆ? ಒಳಗೆ ಬಂದವರನ್ನು ಅವನು ಹಿಡಿದು ಕೊಲ್ಲುವುದಿಲ್ಲ ಎಂಬ ಧೈರ್ಯದ ಮೇಲೆ. ಆ ಧೈರ್ಯ ನಿಮ್ಮ ಹೊಸ್ತಿಲಲ್ಲೂ ಸಿಗಲಿ.

ಪಾಪ, ಬೀಗರು ಕಾಯುತ್ತಿದ್ದಾರೆ.

ಶ್ರೀಮಂತ ಗೂಡಿನೊಳಗೆ ಬಗ್ಗಿ ನೋಡಿದ. ಹುಂಜ ಅಡ್ಡಗೋಲಿನ ಮೇಲೆ, ಕತ್ತನ್ನು ಗರಿಯೊಳಗೆ ಸೇರಿಸಿಕೊಂಡು, ಆಗಲೇ ಕಣ್ಣು ಮುಚ್ಚಿತ್ತು. ಅವನು ಸದ್ದಾಗದಂತೆ ಚಿಲಕ ಹಾಕಿದ.

“ಬಿಸಿ ಮುದ್ದೆ ಇದೆ, ಉಪ್ಪುಸಾರಿದೆ, ಬೇಕಾದಷ್ಟು ತುಪ್ಪ ಇದೆ. ಬನ್ನಿ, ಎಲೆ ಹಾಕ್ತಾರೆ.”

“ಒಂದು ಕೋಳಿ ಕಣ್ರೀ ನಾನು ಕೇಳಿದ್ದು! ಬೀಗ ಅನ್ನೋ ಮರ್ಯಾದೆಗಾದ್ರೂ ಕೊಡಬಾರ್ದಾ?”

ಅವನು ಗೂಡಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

“ಆಗಲ್ಲ ಬೀಗರೇ. ಗೂಡಿಗೆ ಬಂದ ಕೋಳೀನ ಕೊಡಲ್ಲ.”