ಮೂರನೇ ಟ್ಯಾಂಕಿನ ಬೀಗ

ಕೆಳಗೆ ರುಜು ಮಾಡಿರುವ ನಾನು, ವಯಸ್ಸು 46, ಉದ್ಯೋಗ ಗ್ಯಾಸ್ ಟ್ಯಾಂಕರ್ ಹಡಗಿನಲ್ಲಿ ಚೀಫ್ ಎಂಜಿನಿಯರ್, ವಾಸ ಸದ್ಯಕ್ಕೆ ನಾಲ್ಕನೇ ಧಕ್ಕೆಗೆ ಕಟ್ಟಿರುವ ಅದೇ ಹಡಗು, ಕ್ಯಾಪ್ಟನ್ ಸಾಹೇಬರು ಕೊಟ್ಟ ದೂರಿನ ಮೇರೆಗೆ ಬಂದರು ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ಎಂಜಿನ್ ತಿರುಗಿಸುವುದು, ಗ್ಯಾಸನ್ನು ತಣ್ಣಗಿಡುವುದು ಮತ್ತು ಎರಡೂ ಕೆಟ್ಟಾಗ ಬೈಸಿಕೊಳ್ಳುವುದು ನನ್ನ ಕೆಲಸ. ಇಂದು ಬೆಳಿಗ್ಗೆ ಖಾಲಿಯಿದ್ದ ಮೂರನೇ ಟ್ಯಾಂಕಿನೊಳಗೆ ಏಣಿ ರಿಪೇರಿಯಿತ್ತು. ನೈಟ್ರೋಜನ್ ಬರುವ ವಾಲ್ವನ್ನು ಮುಚ್ಚಿದ್ದೆವು. ಅದಕ್ಕೆ ವಾಸನೆಯಿಲ್ಲ, ಟ್ಯಾಂಕಿನಲ್ಲಿ ತುಂಬಿದರೆ ಎರಡು ಉಸಿರಿಗೆ ಆಳು ಬೀಳುತ್ತಾನೆ. ಆದ್ದರಿಂದ ಒಳಗಿಳಿಯುವ ಪ್ರತಿಯೊಬ್ಬನೂ ಆ ವಾಲ್ವಿಗೆ ತನ್ನದೊಂದು ಬೀಗ ಹಾಕಿ, ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳುವುದು ಪದ್ಧತಿ. 'ಹಾಕಿದ ಕೈಯೇ ತೆಗೆಯಲಿ ಬೀಗ, ಅವಸರಪಟ್ಟರೆ ಹೆಣಕ್ಕೆ ಜಾಗ' ಎಂದು ಎಂಜಿನ್ ರೂಮಿನ ಬಾಗಿಲ ಮೇಲೆ ಬರೆಸಿದವನು ನಾನೇ.

ಮಧ್ಯಾಹ್ನ 2-10ಕ್ಕೆ ಕೆಲಸ ಮುಗಿಯಿತೆಂದು ತಿಳಿದು ನನ್ನ ಬೀಗ ತೆಗೆದೆ. ಒಳಗೆ ಏಣಿ ರಿಪೇರಿಗೆ ಇಳಿದಿದ್ದ ಫಿಟ್ಟರ್ ಮಾವನದು ಇನ್ನೂ ನೇತಾಡುತ್ತಿತ್ತು. ಇಡೀ ಹಡಗಿಗೆ ಅವರು ಮಾವ. ಯಾರಿಗೂ ಹೆಣ್ಣು ಕೊಟ್ಟವರಲ್ಲ. ಫೋನ್ ಮಾಡಿದರೆ ಅದು ಅವರ ಕ್ಯಾಬಿನ್ನಿನ ಹಾಸಿಗೆಯ ಮೇಲೆ ಬಡಿದುಕೊಳ್ಳುತ್ತಿತ್ತು.

ಭರತದ ನೀರು ಇಳಿಯುವ ಮುನ್ನ ಟ್ಯಾಂಕಿಗೆ ನೈಟ್ರೋಜನ್ ತುಂಬಿಸಿ ಹಡಗು ಹೊರಡಬೇಕಿತ್ತು. ಕ್ಯಾಪ್ಟನ್ ಸಾಹೇಬರು ಬಂದು, "ದಡಕ್ಕೆ ಹೋಗಿರ್ತಾನೆ ಕಣಯ್ಯಾ, ಬೀಗ ಕತ್ತರಿಸಿ ನೈಟ್ರೋಜನ್ ಬಿಡು" ಎಂದರು. ಹೋದದ್ದನ್ನು ಯಾರು ಕಂಡಿದ್ದಾರೆಂದು ಕೇಳಲಾಗಿ, ಯಾರೂ ಕಂಡಿರಲಿಲ್ಲ. ಡೆಕ್ ಮೇಸ್ತ್ರಿ ಟ್ಯಾಂಕಿನ ಬಾಯಿಗೆ ಬಗ್ಗಿ "ಮಾವಾ, ಓ ಮಾವಾ!" ಎಂದು ಕೂಗಿ, "ಓ ಅನ್ನಲಿಲ್ಲ ಸಾರ್, ಒಳಗಿಲ್ಲ" ಎಂದ. ಪ್ರಜ್ಞೆ ತಪ್ಪಿದವನೂ ಓ ಅನ್ನುವುದಿಲ್ಲವೆಂದು ತಿಳಿಸಿದೆ.

ಇಳಿದು ಹುಡುಕಲು ಒಂದು ಗಂಟೆ ಕೇಳಿದೆ. "ಭರತದ ನೀರು ನಿಮ್ಮ ಮಾವನಿಗೆ ಕಾಯುತ್ತೇನಯ್ಯಾ?" ಎಂದು ಕ್ಯಾಪ್ಟನ್ ಕಟ್ಟರ್ ತರಿಸಿದರು. ಅದನ್ನು ಮೇಸ್ತ್ರಿಯ ಕೈಯಿಂದ ಕಿತ್ತು ಸಮುದ್ರಕ್ಕೆ ಎಸೆದದ್ದು ನಿಜ. ಕೈಜಾರಿತು ಎಂದು ಬರೆಯಬಾರದೆಂದು ಕೋರಿದ್ದೇನೆ. ಕೈಜಾರಿದ್ದು ಹದಿನೈದು ಅಡಿ ದೂರ ಹೋಗುವುದಿಲ್ಲ.

"ನಿನ್ನ ಸರ್ಟಿಫಿಕೇಟ್ ಕಿತ್ಕೊಳ್ಳೋ ಹಾಗೆ ಮಾಡ್ತೀನಿ" ಎಂದರು. "ಮಾಡಿ ಸಾರ್, ಮೊದಲು ಇಳಿದು ಬರ್ತೀನಿ" ಎಂದು, ಮಾವನ ಬೀಗದ ಪಕ್ಕ ನನ್ನದನ್ನು ಮತ್ತೆ ಜಡಿದು, ಗಾಳಿ ಪರೀಕ್ಷಿಸಿ, ಸೆಕೆಂಡ್ ಎಂಜಿನಿಯರ್ ಜೊತೆ ಇಳಿದೆ.

ಟ್ಯಾಂಕು ಹದಿನೆಂಟು ಮೀಟರ್ ಆಳ. ತಳದ ಅಡ್ಡಗೋಡೆಯ ಹಿಂದೆ ಒಂದು ಕೈಗವಸು ಬಿದ್ದಿತ್ತು. ಎತ್ತಿ ನೋಡಿದೆ. ಅದರಲ್ಲಿ ಕೈ ಇರಲಿಲ್ಲ. ಉಳಿದ ಮೂಲೆಗಳನ್ನೂ ನೋಡಿದೆವು.

3-25ಕ್ಕೆ ಮೇಲೆ ಬಂದಾಗ ಮಾವ ಡೆಕ್ಕಿನ ಮೇಲೆ ನಿಂತಿದ್ದರು. ಹೆಗಲ ಮೇಲೆ ಕಟಿಂಗ್ ಅಂಗಡಿಯ ಟವೆಲ್ಲು. ತಲೆಗೂದಲು ಒಂದು ಕಡೆ ಮಾತ್ರ ಕತ್ತರಿಸಿತ್ತು. ಬೀಗದ ನೆನಪಾದದ್ದು ಕುರ್ಚಿಯಲ್ಲಿ ಕೂತ ಮೇಲಂತೆ.

"ನೋಡಿದೆಯಾ? ಯಾರೂ ಇರಲಿಲ್ಲ!" ಎಂದರು ಕ್ಯಾಪ್ಟನ್.

ಮಾವ, "ಸಾರ್, ನಾನು ಒಳಗಿದ್ದೀನಿ ಅಂತ ಇಳಿದ್ರಾ?" ಎಂದರು.

"ಇಲ್ಲ ಅಂತ ಗೊತ್ತಾಗಬೇಕಲ್ಲ ಮಾವ, ಅದಕ್ಕೇ ಇಳಿದೆ" ಎಂದೆ. ಅವರು ತಮ್ಮ ಬೀಗ ತೆಗೆದರು. ಅಷ್ಟರಲ್ಲಿ ನೀರು ಇಳಿದು, ಹಡಗು ಹೊರಡುವುದು ನಾಳೆಗೆ ಹೋಯಿತು.

"ತಪ್ಪಾಯಿತು, ಮುಂದೆ ಹೀಗೆ ಮಾಡುವುದಿಲ್ಲ" ಎಂಬ ಒಂದು ಸಾಲು ಸೇರಿಸಿದರೆ ಕ್ಯಾಪ್ಟನ್ ದೂರು ಹಿಂದಕ್ಕೆ ಪಡೆಯುತ್ತಾರೆಂದು ಠಾಣಾಧಿಕಾರಿಗಳು ತಿಳಿಸಿದರು. ಹೊಸ ಕಟ್ಟರ್ ಕೊಡಿಸಲು ಒಪ್ಪಿದ್ದೇನೆ. ಆ ಸಾಲಿಗೆ ಒಪ್ಪಿಲ್ಲ. ಅದರ ಜಾಗದಲ್ಲಿ, ನಾಳೆಯೂ ಯಾರದಾದರೂ ಬೀಗ ನೇತಾಡುತ್ತಿದ್ದರೆ ನಾಳೆಯೂ ಇಳಿಯುತ್ತೇನೆ ಎಂದು ಬರೆಸಿದ್ದೇನೆ.

ಇದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ್ದೇ ಇದೆ, ಹೇಳಿದ್ದೆಲ್ಲ ಸತ್ಯವಿದೆ.

ಸ್ಥಳ: ಬಂದರು ಠಾಣೆ
ದಿನಾಂಕ: ಮಾರ್ಚ್ 11, ಸಂಜೆ
(ರುಜು) ಚೀಫ್ ಎಂಜಿನಿಯರ್