ಚೆರ್ರಿ ಮರ ಹತ್ತಿದ ಸಾಹೇಬರು

ಶುಕ್ರವಾರ ಮಧ್ಯಾಹ್ನ ಚೆಕ್ ದೇಶದ ಬ್ರ್ನೋ ನಗರದ ಬ್ರೆಡ್ಡಂಗಡಿ ಸಾಲಿನಲ್ಲಿ ವ್ಲಾಸ್ತಾ ಅಜ್ಜಿಯ ಮುಂದೆ ಕಂಪ್ಯೂಟರ್ ಕಚೇರಿಯ ಲುಬೋಶ್ ಮತ್ತು ರಾದ್ಕಾ ನಿಂತಿದ್ದರು. ಲುಬೋಶ್ ಬಾಯಿ ತೆರೆದದ್ದೇ ತಡ, ಅಜ್ಜಿಯ ಕಿವಿ ಮೊಲದ ಕಿವಿಯಷ್ಟು ಉದ್ದವಾಯಿತು.

“ಬೆಳಿಗ್ಗೆಯಿಂದ ಆಫೀಸಲ್ಲಿ ಒಬ್ಬರ ಪರದೆನೂ ಅಲ್ಲಾಡ್ತಿಲ್ಲ ಕಣೇ. ನಿನ್ನ ಸರ್ವರ್ ಕಲ್ಲಾಗಿ ಕೂತಿದೆ.”

“ನಮ್ಮ ಸಾಹೇಬ್ರು ಕಾಡಿನ ಮನೆಗೆ ಹೋಗಿ ಅಲ್ಲಿಂದ ಅದೇ ಪರದೆ ನೋಡ್ತಿದಾರೆ.”

“ಅವ್ರು ನೋಡಿದ್ರೆ ನಮಗ್ಯಾಕೆ ಗ್ರಹಚಾರ?”

“ಸರ್ವರ್ ಎಲ್ಲರ ಪರದೆಗೂ ಒಂದು ಚಿತ್ರ ಕಳಿಸಿದ್ರೆ, ಎಲ್ಲರ ಕಂಪ್ಯೂಟರೂ ‘ಬಂತು’ ಅನ್ನೋವರೆಗೂ ಮುಂದಿಂದು ಯಾರಿಗೂ ಹೋಗಲ್ಲ. ಒಂದು ಚೂರೂ ತಪ್ಪಬಾರ್ದು ಅಂತ ಹಾಗೆ ಬರೆದಿದೀನಿ.”

“ಅಲ್ಲಿ ನೆಟ್ ಸಿಗಬೇಕಾದ್ರೆ ಅವ್ರು ಚೆರ್ರಿ ಮರ ಹತ್ತಬೇಕು. ಎರಡು ಗಂಟೆಗೆ ಗಿರಾಕಿಗಳಿಗೆ ಇದನ್ನ ತೋರಿಸ್ಬೇಕು ಮಾರಾಯ್ತಿ. ಕಾಯೋದನ್ನ ತೆಗಿ. ಹಿಂದೆ ಬಿದ್ದೋರಿಗೆ ಹಳೇದು ಬಿಟ್ಟು ಹೊಸದು ಕೊಡು.”

“ತೆಗೆಯಲ್ಲ. ನನ್ನ ಸರ್ವರ್ ಯಾರನ್ನೂ ಬಿಟ್ಟು ಹೋಗಲ್ಲ.”

ಅಷ್ಟರಲ್ಲಿ ರಾದ್ಕಾಳ ಫೋನು ಬಡಿದುಕೊಂಡಿತು. ಸಾಹೇಬರ ದನಿ ಮರದ ಮೇಲಿಂದ ಇಡೀ ಸಾಲಿಗೆ ಕೇಳಿತು.

“ಬಂತಮ್ಮಾ ಚಿತ್ರ. ಬಹಳ ಚೆನ್ನಾಗಿದೆ.”

“ಚಿತ್ರದ ಮೂಲೆಲಿ ಗಂಟೆ ಎಷ್ಟು ತೋರಿಸ್ತಿದೆ ಸಾರ್?”

“ಬೆಳಿಗ್ಗೆ ಒಂಬತ್ತು.”

ಅಂಗಡಿಯ ಗೋಡೆ ಗಡಿಯಾರದಲ್ಲಿ ಮಧ್ಯಾಹ್ನ ಒಂದೂವರೆ ಆಗಿತ್ತು. ರಾದ್ಕಾ ಲುಬೋಶ್‌ನ ಮುಖ ನೋಡಲಿಲ್ಲ. ಹಿಂದೆ ತಿರುಗಿ, “ನೀವು ಮುಂದೆ ಹೋಗಿ ಅಜ್ಜಿ, ನಮಗೋಸ್ಕರ ಕಾಯಬೇಡಿ,” ಎಂದು ಜಾಗ ಬಿಟ್ಟು ಕಚೇರಿಯತ್ತ ಓಡಿದಳು.