ಬಾಗಿಲಿಲ್ಲದ ಗೋಡೆ

ಲೈಟ್ ಆರಿಸ್ಬೇಡಿ... ಹೇಳ್ತೀನಿ. ನಗೋರು ಈಗ್ಲೇ ನಕ್ಕುಬಿಡಿ. ನಂದಿತಾ ನನ್ನ ಚಿಕ್ಕಪ್ಪನ ಮಗಳು, ಅಮೆರಿಕದ ಜೆರಿಕೋ ಅನ್ನೋ ಊರಲ್ಲಿ ಡಾಕ್ಟರು. ದೆವ್ವ ಅಂದ್ರೆ ನನ್ನನ್ನೇ ಗೇಲಿ ಮಾಡ್ತಿದ್ದೋಳು.

ಅವಳ ಮನೆ ಹತ್ರ ಒಂದು ಹಳೇ ಎಸ್ಟೇಟ್ ಇದೆ. ನೂರು ವರ್ಷದ ಹಿಂದೆ ಯಾರೋ ಸಾಹುಕಾರ, ಇಂಗ್ಲೆಂಡಿನ ಹಳ್ಳಿ ಬಂಗಲೆಗಳ ಥರಾನೇ ತೋಟದ ಸುತ್ತ ಎರಡಾಳೆತ್ತರ ಇಟ್ಟಿಗೆ ಗೋಡೆ ಕಟ್ಟಿಸಿದ್ದ. ಒಂದೇ ಬಾಗಿಲು. ಮೂಲೇಲಿರೋ ಕಲ್ಲಿನ ಮಂಟಪಾನ ಮಾತ್ರ ಅಲ್ಲಿಂದಲೇ ಬಿಚ್ಚಿ ಹಡಗಲ್ಲಿ ತರಿಸಿದ್ದಂತೆ.

ಹೋದ ನವೆಂಬರು. ಐದು ಗಂಟೆಗೇ ಕತ್ತಲು. ವಾಕ್ ಮುಗಿಸಿ ತೋಟದಿಂದ ಹೊರಗೆ ಬಂದ್ಮೇಲೆ ನೋಡಿದ್ರೆ, ಅವಳ ಆರು ವರ್ಷದ ಮಗಳು ಗಾರ್ಗಿ ಗ್ಲೌಸ್ ಮಂಟಪದಲ್ಲೇ ಬಿಟ್ಟು ಬಂದಿದ್ಳು. "ಇಲ್ಲೇ ನಿಂತಿರು ಪುಟ್ಟಾ, ಈಗ ಬಂದೆ" ಅಂತ ನಂದಿತಾ ಒಳಗೆ ಓಡಿದ್ಳು.

ಮಂಟಪದಲ್ಲಿ ಬಿಳಿಯರ ಅಜ್ಜಿ ಒಬ್ರು ಕೂತಿದ್ರು. ಗ್ಲೌಸು ಅವರ ತೊಡೆ ಮೇಲೆ. "ಆಗ್ಲೇ ಹೊರಟ್ಯಾ?" ಅಂತ ಇಂಗ್ಲಿಷಲ್ಲಿ ಪಿಸುಗುಟ್ಟಿದ್ರು. ಇವಳು ಥ್ಯಾಂಕ್ಸ್ ಹೇಳಿ ಗ್ಲೌಸ್ ತಗೊಂಡು ತಿರುಗಿದ್ರೆ...

ಬಾಗಿಲಿಲ್ಲ.

ಗೋಡೆ ಸವರ್ಕೊಂಡೇ ನಡೆದ್ಳು. ಸರ... ಸರ... ಇಟ್ಟಿಗೆ ಮೇಲೆ ಕೋಟಿನ ತೋಳು. ಒಂದು ಮೂಲೆ. ಎರಡು. ಮೂರು. ನಾಲ್ಕನೇದು ಮತ್ತೆ ಮಂಟಪ. "ಆಗ್ಲೇ ಹೊರಟ್ಯಾ?" ಇನ್ನೊಂದು ಸುತ್ತು. ಫೋನಲ್ಲಿ ಸಿಗ್ನಲ್ ಇಲ್ಲ. ಗೋಡೆ ಆಚೆಯಿಂದ ಗಾರ್ಗಿ ದನಿ... "ಮಾಮ್? ಐ ಆಮ್ ಸ್ಕೇರ್ಡ್." ಇವಳು ಕೂಗಿದ್ದು ಅವಳಿಗೆ ಕೇಳಿಸ್ತಾನೇ ಇಲ್ಲ. ಆಚೆ ರಸ್ತೇಲಿ ಕಾರುಗಳು, ಸುಂಯ್... ಸುಂಯ್... ಮಗು ರಸ್ತೆಗಿಳಿದ್ರೆ? ಉಗುರು ಕಿತ್ತುಹೋಗೋ ಹಾಗೆ ಗೋಡೆ ಪರಚಿದ್ಳಂತೆ. ಅತ್ತಳಂತೆ, ನಮ್ಮ ನಂದಿತಾ.

ಮೂರನೇ ಸುತ್ತಿಗೆ ಅಜ್ಜಿ ಮುಂದೆ ಕೈ ಮುಗಿದ್ಳು. "ಹೊರಗೆ ಮಗು ಒಂದೇ ನಿಂತಿದೆ. ಬಿಟ್ಬಿಡಿ."

ಆಗ, ನಮ್ಮೋರೆಲ್ಲ ಹೊರಡೋವಾಗ ಉಪಚಾರಕ್ಕೆ ಹೇಳ್ತೀವಲ್ಲ, ಆ ಮಾತು ಇವಳ ಬಾಯಿಂದ ತಾನಾಗೇ ಬಂದುಬಿಡ್ತು.

"ನೀವೂ ಒಂದ್ಸಲ ನಮ್ಮನೆಗೆ ಬನ್ನಿ."

ಕಿರ್ರ್... ಹಿಂದೆ ಬಾಗಿಲು ತೆರೀತು.

ಗಾರ್ಗೀನ ಬಾಚಿ ಎತ್ಕೊಂಡು ಓಡಿ, ಹಿಂದಿನ ಸೀಟಲ್ಲಿ ಕೂರಿಸಿ, ಕಾರ್ ಸ್ಟಾರ್ಟ್ ಮಾಡಿದ್ಳು. ಟಿಂಗ್... ಟಿಂಗ್... ಮುಂದೆ, ಪಕ್ಕದ ಸೀಟಲ್ಲಿ ಕೂತೋರು ಬೆಲ್ಟ್ ಹಾಕಿಲ್ಲ ಅಂತ ಕಾರು ಹೊಡ್ಕೊಳ್ತಿದೆ. ಆ ಸೀಟಲ್ಲಿ ಯಾರೂ ಇಲ್ಲ. ಬ್ಯಾಗೂ ಇಲ್ಲ. ಮನೆ ಮುಟ್ಟೋವರೆಗೂ ಟಿಂಗ್... ಟಿಂಗ್...

ಕಾರು ಕೆಟ್ಟಿತ್ತು ಅಂತೀರಾ? ನಾನೇ ಮೆಕ್ಯಾನಿಕ್ ಹತ್ರ ತೋರಿಸಿದ್ದೀನಿ, ಏನೂ ಆಗಿರ್ಲಿಲ್ಲ. ಒಂದಕ್ಷರಾನೂ ನಾನು ಸೇರಿಸಿ ಹೇಳ್ತಿಲ್ಲ. ಮಾರನೇ ದಿನ ಬೆಳಿಗ್ಗೆ ನಂದಿತಾ ಒಬ್ಳೇ ಆಸ್ಪತ್ರೆಗೆ ಹೊರಟಾಗ ಕಾರು ಟಿಂಗ್ ಅನ್ಲೇ ಇಲ್ಲ. ಗಾರ್ಗಿ ಮನೇಲಿ ಮಲಗಿದ್ಳು.